ಕಪ್ಪು ಬಣ್ಣದ ಮಹಿಮೆ

ರಾತ್ರಿಯೆಲ್ಲ ಮಳೆ ಸುರಿದಿದ್ದರೂ ನೆಲಮಾಳಿಗೆಯ ಗೋಡೆ ಒಣಗಿಯೇ ಇತ್ತು. ಬೀದಿಯವರೆಲ್ಲ ಬೈಂಡಿಂಗ್ ಅಕ್ಕ ಎಂದು ಕರೆಯುವ ಆಕೆ ಮೊದಲು ಗೋಡೆಗೆ ಅಂಗೈ ಇಟ್ಟು ನೋಡಿದಳು. ನಂಬಿಕೆ ಬಾರದೆ ಕೆನ್ನೆಯನ್ನೂ ಒತ್ತಿ ನೋಡಿದಳು. ಹೊಲಿಗೆಗೆಂದು ಬಂದ ಗ್ರಂಥಾಲಯದ ಪುಸ್ತಕಗಳು ಗೋಡೆಯ ಬುಡದಲ್ಲೇ ಪೇರಿಸಿಟ್ಟ ಹಾಗೆಯೇ ಇದ್ದವು. ಒಂದರ ಅಂಚೂ ನೆನೆದಿರಲಿಲ್ಲ. ಹೋದ ಮಳೆಗಾಲದಲ್ಲಿ ಇದೇ ಗೋಡೆ ಮೊದಲು ಬೆವರಿ, ಆಮೇಲೆ ಸೋರಿ, ಕೊನೆಗೆ ಕೋಣೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಇನ್ನೊಂದು ಸಲ ಪುಸ್ತಕ ನೆನೆದರೆ ಕೆಲಸ ಬೇರೆಯವರಿಗೆ ಎಂದು ಗ್ರಂಥಪಾಲಕಿ ಖಡಾಖಂಡಿತವಾಗಿ ಹೇಳಿದ್ದರು. ಆ ಪುಸ್ತಕಗಳು ಬಾರದಿದ್ದರೆ ಅಕ್ಕ ಈ ಕೋಣೆಗೆ ಬೀಗ ಜಡಿಯಬೇಕಿತ್ತು.

ಗಂಡ ಸೊಂಟದ ಮೇಲೆ ಕೈ ಇಟ್ಟುಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಬೇಸಿಗೆಯಲ್ಲಿ ಗೋಡೆಯ ಒಳಮೈಗೆ ಡಾಂಬರಿನಂಥ ಕಪ್ಪು ಬಣ್ಣ ಬಳಿದವನು ಅವನೇ. ಅದರ ವಾಸನೆ ಪುಸ್ತಕಗಳಿಗೂ ಅಂಟಿ, ಹೊಸದಾಗಿ ಹಾಕಿದ ರಸ್ತೆಯಲ್ಲಿ ಕೂತು ಓದಿದ ಹಾಗಾಗುತ್ತದೆ ಎಂದು ಯಾರೋ ಓದುಗರು ದೂರಿದ್ದರಂತೆ.

"ನೋಡಿದ್ಯಾ? ಎಲ್ಲಾ ಈ ಬಣ್ಣದ ಮಹಿಮೆ," ಎಂದ.

ಅಕ್ಕನಿಗೆ ಹಿಡಿಸಲಾರದಷ್ಟು ಸಂತೋಷ. ಆದರೆ ಮೂಲೆಯಲ್ಲೊಂದು ಕಡೆ ಆ ಬಣ್ಣ ಹಕ್ಕಳೆಯಂತೆ ಎದ್ದು ಉದುರಿತ್ತು, ಅಲ್ಲಿಯೂ ಗೋಡೆ ಒಣಗಿತ್ತು. ಇದೇನು ವಿಚಿತ್ರ ಎಂದುಕೊಂಡು ಕೊಡೆ ಬಿಚ್ಚಿ ಹೊರಗೆ ಹೋದಳು.

ಪಕ್ಕದ ಎತ್ತರದ ಮನೆಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಬ್ಬರೇ ಇದ್ದರು. ಅವರ ಚಾವಣಿಯ ನೀರಷ್ಟೂ ಒಂದು ಪೈಪಿನಲ್ಲಿ ಇಳಿದು ನೇರ ಅಕ್ಕನ ಮನೆಯ ತಳಪಾಯಕ್ಕೇ ಬೀಳುತ್ತಿತ್ತು. ಹೋದ ವರ್ಷ ಗಂಡ ಕೇಳಲು ಹೋದಾಗ, ನೀರು ತಗ್ಗಿಗೆ ಹರಿದರೆ ಅದೂ ನನ್ನ ತಪ್ಪೇ ಎಂದು ಮೇಷ್ಟ್ರು ಹರಿಹಾಯ್ದಿದ್ದರು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತ್ತು, ಅಕ್ಕ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ನೋಡಿದರೆ ಆ ಪೈಪು ದಿಕ್ಕನ್ನೇ ಬದಲಿಸಿತ್ತು. ಮೇಷ್ಟ್ರ ಗುಲಾಬಿ ತೋಟವನ್ನು ಸೀಳಿಕೊಂಡು, ಅವರದೇ ಬಾಗಿಲ ಮುಂದೆ ಅಡ್ಡ ಮಲಗಿ, ರಸ್ತೆಯ ಚರಂಡಿ ಸೇರಿತ್ತು. ಅವರು ಕೋಲೂರಿ, ಅದನ್ನು ಕಷ್ಟಪಟ್ಟು ದಾಟಿ ಬಂದರು.

"ಇದನ್ನ ಯಾವಾಗ ಹಾಕಿಸಿದ್ರಿ ಮೇಷ್ಟ್ರೇ?"

ಬೇಸಿಗೆಯ ಕೊನೆಗೆ ತವರಲ್ಲಿದ್ದ ಅವಳನ್ನು ಕರೆತರಲು ಗಂಡನೂ ಊರು ಬಿಟ್ಟಿದ್ದಾಗ ಎಂದರು. ನೆನೆದ ಪುಸ್ತಕಗಳನ್ನು ಅವಳು ಬಟ್ಟೆಯ ಹಾಗೆ ಹಗ್ಗದ ಮೇಲೆ ಒಣಹಾಕಿದ್ದನ್ನು ಕಿಟಕಿಯಿಂದ ನೋಡಿದ ಮೇಲೆ ಅವರಿಗೆ ಊಟ ಸೇರುತ್ತಿರಲಿಲ್ಲವಂತೆ. ಬಂದು ತಪ್ಪಾಯಿತು ಎನ್ನೋಣವೆಂದರೆ ಬಾಯಿ ಬರಲಿಲ್ಲವಂತೆ.

ಅಕ್ಕನ ಕಣ್ಣು ತುಂಬಿಬಂತು. "ನನ್ನ ಕೆಲಸ ಉಳಿಸಿದ್ರಿ. ಈ ಉಪಕಾರ ಮರೆಯಲ್ಲ," ಎಂದಳು.

"ಅದೆಲ್ಲ ಇರಲಿ. ನಿನ್ನ ಗಂಡನಿಗೆ ಮಾತ್ರ ಹೇಳಬೇಡಮ್ಮ. ಬೇಸಿಗೆಯೆಲ್ಲ ಬೆನ್ನು ಮುರಿದುಕೊಂಡು ಬಳಿದಿದ್ದಾನೆ, ಬಣ್ಣಕ್ಕೇ ಹೆಸರು ಬರಲಿ."

ಗಂಡ ಬಂದವರಿಗೆಲ್ಲ ಗೋಡೆ ತೋರಿಸಿ ಬಣ್ಣವನ್ನು ಹೊಗಳುವಾಗ ಅಕ್ಕ ತಾನೂ ತಲೆಯಾಡಿಸಿದಳು, ನಗು ತಡೆಯಲಾಗದಿದ್ದರೆ ಪುಸ್ತಕ ಅಡ್ಡ ಹಿಡಿದಳು.

ವಾರ ಕಳೆದು ಮತ್ತೆ ಜೋರು ಮಳೆ ಹಿಡಿಯಿತು. ನೆಲಮಾಳಿಗೆಯಲ್ಲೂ ಇಲ್ಲದ, ಅಡುಗೆಮನೆಯಲ್ಲೂ ಇಲ್ಲದ ಗಂಡನನ್ನು ಹುಡುಕಿಕೊಂಡು ಅಕ್ಕ ಬೀದಿಗೆ ಬಂದಳು. ಅವನು ಚರಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೇಷ್ಟ್ರ ಪೈಪಿನ ಬಾಯಿಗೆ ಮೊಣಕೈವರೆಗೆ ಕೈ ತೂರಿಸಿ, ಕಟ್ಟಿಕೊಂಡ ಎಲೆ ಕೆಸರು ಬಾಚುತ್ತಿದ್ದ.

"ನಿಮಗೆ ಗೊತ್ತಿತ್ತಾ?"

"ತವರಿಂದ ನಿನ್ನ ಕರ್ಕೊಂಡು ಬಂದ ದಿನವೇ ನೋಡ್ದೆ," ಎಂದು ಅವನು ಎದ್ದು ನಿಂತ. ಎತ್ತರದ ಮನೆಯ ಕಿಟಕಿಯ ಕಡೆ ಮುಖ ಮಾಡಿ, ಈ ಬಣ್ಣದ ಮುಂದೆ ಯಾವ ಮಳೆಯ ಆಟವೂ ನಡೆಯುವುದಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಕಿಟಕಿಯ ಪರದೆ ಸ್ವಲ್ಪ ಅಲುಗಿತು.

ಆಮೇಲೆ ಅವನು ಅಕ್ಕನ ಕೊಡೆಯೊಳಗೆ ತಲೆ ತೂರಿಸಿ ದನಿ ತಗ್ಗಿಸಿದ. "ನನಗೆ ಗೊತ್ತು ಅಂತ ಅವರಿಗೆ ಹೇಳಬೇಡ. ನಾನು ಹೀಗೆ ಕೊಚ್ಚಿಕೊಳ್ಳಲಿ ಅಂತಲೇ, ಪಾಪ, ಅರ್ಧ ಗುಲಾಬಿ ತೋಟ ಅಗೆದಿದ್ದಾರೆ."