ಅಪ್ಪನ ಕಂಬಳಿಯ ವಾಸನೆ

ಅಪ್ಪನ ಕಂಬಳಿಯನ್ನು ಇವತ್ತು ಬಿಸಿಲಿಗೆ ಹರವಿದೆ. ಕುರಿಯ ವಾಸನೆ ಇನ್ನೂ ಹೋಗಿಲ್ಲ.

ನಾನಾಗ ಚಿಕ್ಕವಳು. ಬರಗೂರಿನಿಂದ ಪಾವಗಡದ ಕಡೆಗೆ ಕುರಿ ಹೊಡೆದುಕೊಂಡು, ಹೊತ್ತು ಮುಳುಗಿದಲ್ಲಿ ಬಿಡಾರ ಹೂಡುತ್ತ ಹೊರಟಿದ್ದೆವು. ಒಂದು ಮಧ್ಯಾಹ್ನ, ಬಂಡೆಗುಡ್ಡಗಳ ನಡುವಿನ ಒಣ ಕೊರಕಲಿನಲ್ಲಿ ಅಪ್ಪ ಮಂದೆ ನಿಲ್ಲಿಸಿದ. ನೀರು ಹುಡುಕಲು ಹೊರಟವನು ತನ್ನ ಕಂಬಳಿಯನ್ನು ನನಗೆ ಹೊದಿಸಿದ.

“ತೆಗೀಬ್ಯಾಡ ಕಣಮ್ಮ. ಈ ವಾಸ್ನೆ ಇರೋಗಂಟ ಕುರಿ ಎಲ್ಲೂ ಹೋಗಾಕಿಲ್ಲ.”

ಕಂಬಳಿ ಕತ್ತಿಗೆ ಚುಚ್ಚುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಮೇಲೆಲ್ಲೋ ಕಲ್ಲುರುಳಿದಾಗ ಕುರಿಗಳೆಲ್ಲ ತಲೆಯೆತ್ತಿ ನನ್ನನ್ನೇ ನೋಡಿದವು. ಅಪ್ಪನಂತೆ ಅವನ್ನು ಗದರಲು ಹೋದೆ. ಆಗದೆ ಕಂಬಳಿಯನ್ನು ಎಳೆದು ಮೈಗೆ ಸುತ್ತಿಕೊಂಡೆ.

ನೆರಳು ಕೊರಕಲನ್ನು ತುಂಬಿದ ಮೇಲೆ ಅಪ್ಪ ಬಂದ.

“ಹೆದರ್ಕಂಡ್ಯೇನಮ್ಮ?”

“ಇಲ್ಲ” ಅಂದೆ.

ಕಂಬಳಿ ತೆಗೆದುಕೊಳ್ಳಲು ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.