ಖಾಲಿ ಮೇಜು

“ಮನೇಲಿ ಕೂತು ಅನುವಾದ ಮಾಡೋದೂ ಒಂದು ಕೆಲಸಾನಾ?” ಎಂದು ಸದಾ ಕುಟುಕುತ್ತಿದ್ದ ಅಣ್ಣ, ಅಂದು ತಾನಾಗಿಯೇ ಬಂದು ನನ್ನ ಮೇಜನ್ನು ಅಣಿಗೊಳಿಸಿದ. ಅಪ್ಪ ನಮ್ಮಿಬ್ಬರಿಗೂ ಬಿಟ್ಟುಹೋದ ಮನೆಯಲ್ಲಿ ಉಳಿದವಳು ನಾನೊಬ್ಬಳೇ. ನನ್ನ ನಿಘಂಟುಗಳು, ಮಾತ್ರೆ ಡಬ್ಬಿ, ಅಪ್ಪನ ಪಟ ಎಲ್ಲವೂ ಮಂಚದಡಿ ಸೇರಿದವು. ಲ್ಯಾಪ್‌ಟಾಪ್, ಒಂದು ದೀಪ, ಅವನೇ ತಂದ ಪುಟ್ಟ ಗಿಡ ಮಾತ್ರ ಮೇಲೆ ಉಳಿದವು.

“ಅಪ್ಪನ ಪಟ ಆದ್ರೂ ಇರ್ಲಿ ಕಣೋ.”

“ಬೇಡ ಕಣೇ. ಮೇಜು ಖಾಲಿ ಇದ್ರೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತೆ.”

ಕೊನೆಗೂ ನನ್ನ ಕೆಲಸಕ್ಕೆ ಬೆಲೆ ಕೊಟ್ಟನಲ್ಲ ಎಂದು ನನಗೆ ಕಣ್ಣು ತುಂಬಿತು. ಅವನು ಕರೆಸಿದ ಫೋಟೋಗ್ರಾಫರ್ ಬಂದಾಗ ಜಡೆ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತೆ.

“ಸ್ವಲ್ಪ ಆಚೆ ಬನ್ನಿ ಮೇಡಂ,” ಎಂದ ಫೋಟೋಗ್ರಾಫರ್. “ಮಾರೋ ಮನೆ ಫೋಟೋದಲ್ಲಿ ಮನೇಲಿರೋರು ಕಾಣಬಾರ್ದು.”