ಒಳಹೊಲಿಗೆ

“ಮನೇಲಿ ಯಾರಿಗಾದ್ರೂ ಸ್ತನ ಕ್ಯಾನ್ಸರ್ ಆಗಿತ್ತಾ? ತಾಯಿಗೆ, ಅಕ್ಕತಂಗಿಯರಿಗೆ?” ಡಾಕ್ಟರಮ್ಮ ಫಾರಂ ಮೇಲೆ ಪೆನ್ನಿಟ್ಟು ಕೇಳಿದರು.

“ಯಾರಿಗೂ ಇಲ್ಲ. ನಮ್ಮಮ್ಮನ್ನೇ ನೋಡಿ, ಎಪ್ಪತ್ತೊಂದಾದ್ರೂ ಗುಂಡುಕಲ್ಲಿನ ಹಾಗಿದ್ದಾಳೆ,” ಎಂದಳು ಮಗಳು.

ಪಕ್ಕದ ಕುರ್ಚಿಯಲ್ಲಿದ್ದ ಗುಂಡುಕಲ್ಲು, ಕೊರಳಲ್ಲೇ ಮರೆತು ಬಂದಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿತ್ತು. ತಾಯಿಮಗಳ ಹೊಲಿಗೆ ಅಂಗಡಿಯಲ್ಲಿ ಊರಿನ ಅರ್ಧ ಹೆಂಗಸರ ಅಳತೆ ತೆಗೆದವಳು ಮಗಳು. ತಾಯಿ ಮಾತ್ರ ತನ್ನದನ್ನು ಬಾಗಿಲು ಹಾಕಿಕೊಂಡು ತಾನೇ ತೆಗೆಯುವಳು. ಮುದುಕಿಗೆ ಇನ್ನೂ ನಾಚಿಕೆ ಎಂದು ಮಗಳು ಗೇಲಿ ಮಾಡುತ್ತಿದ್ದಳು.

ಆ ಮಗಳಿಗೆ ಹನ್ನೊಂದಾಗಿದ್ದಾಗ, ಅಕ್ಕನ ಮನೆಗೆಂದು ಹೇಳಿ ಹೋದ ತಾಯಿ ಎಡಮೊಲೆ ತೆಗೆಸಿಕೊಂಡು ಬಂದಿದ್ದಳು. ಗೊತ್ತಾದರೆ ಈ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂಬ ಭಯ. ಮದುವೆ ಆದಮೇಲೆ ಹೇಳಿದರಾಯಿತು ಅಂದುಕೊಂಡಳು. ಆಮೇಲೆ, ಮಗಳ ಬಾಣಂತನ ಮುಗಿಯಲಿ. ಆಮೇಲೆ ಮುಚ್ಚಿಡುವುದೇ ಅಭ್ಯಾಸವಾಗಿ ಹೋಯಿತು. ನಾಲ್ಕು ವರ್ಷದ ಹಿಂದೆ ಅಂಗಡಿಗೆ ಬಂದ ನರ್ಸು ಇದೇ ಪ್ರಶ್ನೆ ಕೇಳಿ, “ಯಾರಿಗೂ ಇಲ್ವಾ? ಹಾಗಾದ್ರೆ ಅವಸರವಿಲ್ಲ, ಐವತ್ತಕ್ಕೆ ತಪಾಸಣೆಗೆ ಬನ್ನಿ,” ಎಂದು ಮಗಳಿಗೆ ಹೇಳಿ ಹೋಗಿದ್ದಳು. ಆಗಲೂ ತಾಯಿ ತುಟಿಪಿಟಕ್ಕೆನ್ನದೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಗಂಟು ಕಂಕುಳಿಗೂ ಹಬ್ಬಿದೆ,” ಡಾಕ್ಟರಮ್ಮ ಮಗಳಿಗೆ ಅವಳ ಎಕ್ಸರೇ ತೋರಿಸಿದರು.

“ನನಗಾಗಿತ್ತು,” ಎಂದಳು ತಾಯಿ.

“ಸುಮ್ನಿರಮ್ಮ. ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡ.”

ತಾಯಿ ರವಿಕೆಯೊಳಗೆ ಕೈಹಾಕಿ, ಹತ್ತಿ ತುಂಬಿದ ಬಟ್ಟೆಯ ಉಂಡೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರಮ್ಮ ಫಾರಂ ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. “ಆಗ ನಿಮಗೆಷ್ಟು ವಯಸ್ಸು?”

“ಮೂವತ್ತೆಂಟು.”

“ಹಾಗಿದ್ರೆ ಇವರು ಮೂವತ್ತರ ಸುಮಾರಿಗೇ ಶುರು ಮಾಡಿ, ವರ್ಷ ವರ್ಷ ತಪಾಸಣೆ ಮಾಡಿಸ್ಕೋಬೇಕಿತ್ತು.” ಮಗಳ ಕಡೆ ತಿರುಗಿದರು. “ನಿಮಗೆ ಹೆಣ್ಣುಮಕ್ಕಳಿದ್ರೆ ಅವರಿಗೆ ಇದನ್ನ ಹೇಳಿ. ತಡಮಾಡಬೇಡಿ.”

ಮಗಳು ಉಂಡೆಯನ್ನು ಎತ್ತಿಕೊಂಡಳು. ಅದು ತನ್ನ ಶಾಲೆಯ ಯೂನಿಫಾರಂನ ನೀಲಿ ಬಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು, ಹೊಲಿಗೆ ಎಲ್ಲೂ ಕಾಣಲಿಲ್ಲ. “ಮೂವತ್ಮೂರು ವರ್ಷ, ಅಮ್ಮ,” ಎಂದಳು, ಅಷ್ಟೆ. ಬಾಯಿಗೆ ಬಂದಂತೆ ಬೈದುಬಿಟ್ಟಿದ್ದರೂ ತಾಯಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹೊರಗೆ ಮೊಮ್ಮಗಳು ಬೆಂಚಿನಿಂದ ಎದ್ದು ಬಂದಳು. ಇಪ್ಪತ್ತೆರಡರ ಹುಡುಗಿ, ಮುಂದಿನ ತಿಂಗಳು ನಿಶ್ಚಿತಾರ್ಥ.

“ಡಾಕ್ಟರ್ ಏನಂದ್ರಮ್ಮ?”

ಅಜ್ಜಿ ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ನೀಲಿ ಉಂಡೆಯನ್ನು ತನ್ನ ಚೀಲದ ತಳಕ್ಕೆ ತುರುಕಿ, ಜಿಪ್ಪೆಳೆದಳು.

“ಏನಿಲ್ಲ ಪುಟ್ಟ. ರಕ್ತ ಕಡಿಮೆಯಂತೆ.”